ಊದುಬತ್ತಿ ಹೊಗೆ, ಜೋನಿ ಬೆಲ್ಲ ಮತ್ತು ಸ್ವಿಂಗ್ ಆಗುವ ಚೆಂಡು

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಉಪಕಾರ ಮಾಡಿ, ಆ ಎರಡೂ ಫ್ಯಾನ್ ಆರಿಸಿ. ಶಿವಮೊಗ್ಗದ ಏಪ್ರಿಲ್‌ನಲ್ಲಿ ಹೀಗೆ ಕೇಳುವವನನ್ನು ಯಾರೂ ಇಷ್ಟಪಡುವುದಿಲ್ಲ, ಗೊತ್ತು. ಸ್ವಲ್ಪ ಹೊತ್ತು ಅಷ್ಟೇ.

ಈಗ ಈ ಊದುಬತ್ತಿ ಹಚ್ಚುತ್ತೇನೆ. ಹೊಗೆ ನೋಡಿ. ಮೊದಲ ಒಂದು ಗೇಣು ನೂಲು ಹಿಡಿದ ಹಾಗೆ ನೆಟ್ಟಗೆ ಏರುತ್ತಿದೆ. ಅದರ ಮೇಲೆ ಬಳುಕುತ್ತದೆ. ಆಮೇಲೆ ಸುರುಳಿ ಸುರುಳಿಯಾಗಿ ಚದುರಿ ಹೋಗುತ್ತದೆ. ಕೆಳಗಿನದು ಲ್ಯಾಮಿನಾರ್ ಹರಿವು, ಮೇಲಿನದು ಟರ್ಬ್ಯುಲೆಂಟ್ ಹರಿವು. ಪುಸ್ತಕದಲ್ಲಿ ಪ್ರಕ್ಷುಬ್ಧ ಪ್ರವಾಹ ಎಂದು ಬರೆಯುತ್ತಾರೆ. ನನ್ನ ನಾಲಿಗೆಗೆ ಅದು ಅಷ್ಟಾಗಿ ಹೊರಳುವುದಿಲ್ಲ. ಜಾತ್ರೆಯ ಜನರನ್ನು ನೆನಪಿಸಿಕೊಳ್ಳಿ. ಒಟ್ಟಾರೆ ಎಲ್ಲರೂ ತೇರಿನ ಕಡೆಗೇ ಹೋಗುತ್ತಿರುತ್ತಾರೆ. ಆದರೆ ಒಬ್ಬ ಬಳೆ ಅಂಗಡಿಗೆ ತಿರುಗುತ್ತಾನೆ, ಒಬ್ಬ ಮಗು ಹುಡುಕುತ್ತಾ ಹಿಂದೆ ಬರುತ್ತಾನೆ, ಉಳಿದವರು ಅಡ್ಡಡ್ಡ ನುಗ್ಗುತ್ತಾರೆ. ಟರ್ಬ್ಯುಲೆಂಟ್ ಅಂದರೆ ಅದೇ.

1883ರಲ್ಲಿ ಮ್ಯಾಂಚೆಸ್ಟರ್‌ನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಒಂದು ಎಳೆ ಬಿಟ್ಟರು. ನಿಧಾನ ಹರಿದಾಗ ಎಳೆ ಎಳೆಯಾಗಿಯೇ ಉಳಿಯಿತು. ವೇಗ ಹೆಚ್ಚಿಸಿದಾಗ ಒಂದು ಹಂತದಲ್ಲಿ ಬಣ್ಣ ಕೊಳವೆ ತುಂಬ ಹರಡಿತು. ವೇಗ, ಕೊಳವೆಯ ಅಗಲ, ದ್ರವದ ಸಾಂದ್ರತೆ ಮೂರನ್ನೂ ಗುಣಿಸಿ, ದ್ರವದ ಸ್ನಿಗ್ಧತೆಯಿಂದ, ಅಂದರೆ ಅಂಟುತನದಿಂದ, ಭಾಗಿಸಿದರೆ ಸಿಗುವ ಸಂಖ್ಯೆಗೆ ಈಗ ಅವರದೇ ಹೆಸರು. ಪೈಪ್‌ನಲ್ಲಿ ಅದು ಸುಮಾರು 2,000 ದಾಟಿತು ಅಂದರೆ ಗಲಾಟೆ ಶುರುವಾಗಬಹುದು.

ಜೋನಿ ಬೆಲ್ಲ ದೋಸೆ ಮೇಲೆ ಬೀಳುವುದನ್ನು ನೋಡಿ. ಹಗ್ಗದ ಹಾಗೆ ಇಳಿಯುತ್ತದೆ, ಕೆಳಗೆ ಸಿಂಬಿ ಸುತ್ತಿಕೊಳ್ಳುತ್ತದೆ. ಅಷ್ಟು ಅಂಟಾದ ದ್ರವಕ್ಕೆ ಗಲಾಟೆ ಮಾಡಲು ಬರುವುದೇ ಇಲ್ಲ. ನೀರು ಹಾಗಲ್ಲ. ಗುಡ್ಡದ ಅಬ್ಬಿ ನೀರನ್ನು ಪೈಪ್ ಹಾಕಿ ಮನೆಗೆ ತರುತ್ತೀರಲ್ಲ, ಒಂದು ಇಂಚಿನ ಆ ಪೈಪ್‌ನಲ್ಲಿ ನೀರು ಲ್ಯಾಮಿನಾರ್ ಆಗಿರಬೇಕಾದರೆ ಸೆಕೆಂಡಿಗೆ ಎಂಟು ಸೆಂಟಿಮೀಟರ್ ಆಸುಪಾಸಿನಲ್ಲಿ ತೆವಳಬೇಕು. ಹಾಗೆ ಬಂದರೆ ಹಂಡೆ ತುಂಬುವಷ್ಟರಲ್ಲಿ ಸ್ನಾನದ ಹೊತ್ತು ಕಳೆದಿರುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ದುಡ್ಡು ಉಳಿಸಲು ಇಂಚಿನ ಬದಲು ಅರ್ಧ ಇಂಚಿನ ಪೈಪ್ ಹಾಕಿದೆವು. ನೀರು ಅರ್ಧ ಬರುತ್ತದೆ ಎಂದುಕೊಂಡಿದ್ದೆವು. ಬಂದದ್ದು ಆರರಲ್ಲಿ ಒಂದು ಪಾಲಿನ ಹತ್ತಿರ! ಭೌತಶಾಸ್ತ್ರ ಕಲಿಸುವವನ ಮನೆಯಲ್ಲೇ ಹೀಗಾಯಿತು. ಅಮ್ಮ ಅದನ್ನು ಬಹಳ ದಿನ ಆಡಿಕೊಂಡರು.

ಹಾಗಾದರೆ ಈ ಗಲಾಟೆ ಬರೀ ನಷ್ಟವೇ? ಇಲ್ಲ. ಇವತ್ತು ನಾನು ಬಂದದ್ದೇ ಅದನ್ನು ಹೇಳಲು.

ನುಣುಪಾದ ಚೆಂಡು, ಒರಟು ಚೆಂಡು. ಗಾಳಿಯಲ್ಲಿ ಯಾವುದು ಸಲೀಸಾಗಿ ಹೋಗುತ್ತದೆ? ನುಣುಪಾದದ್ದು ಅನ್ನುತ್ತೀರಿ, ಅಲ್ವಾ? ಹಿಂದೆ ಗಾಲ್ಫ್ ಆಡುವವರೂ ಹಾಗೇ ನಂಬಿದ್ದರು. ಆಮೇಲೆ ನೋಡಿದರೆ, ಆಡಿ ಆಡಿ ಗೀರು ಬಿದ್ದ ಹಳೇ ಚೆಂಡೇ ಹೊಸದಕ್ಕಿಂತ ದೂರ ಹೋಗುತ್ತಿತ್ತು. ಈಗಿನ ಗಾಲ್ಫ್ ಚೆಂಡಿನ ಮೈಮೇಲಿನ ಕುಳಿಗಳ ಕಥೆ ಇದು.

ಕಾರಣ ಹೀಗಿದೆ. ಚೆಂಡಿನ ಮೈಗೆ ಅಂಟಿಕೊಂಡು ಗಾಳಿಯ ತೆಳು ಪದರವೊಂದು ಸಾಗುತ್ತದೆ. ಅದರ ಹೆಸರು ಬೌಂಡರಿ ಲೇಯರ್. ನಾಲ್ಕು ರನ್‌ಗೂ ಇದಕ್ಕೂ ಸಂಬಂಧ ಇಲ್ಲ! ಈ ಪದರ ಲ್ಯಾಮಿನಾರ್ ಆಗಿದ್ದರೆ ಚೆಂಡಿನ ಅರ್ಧ ದಾರಿಗೇ ಸುಸ್ತಾಗಿ ಮೈ ಬಿಡುತ್ತದೆ. ಚೆಂಡಿನ ಹಿಂದೆ ದೊಡ್ಡ ಸುಳಿ ಉಳಿದು ಹಿಂದಕ್ಕೆ ಎಳೆಯುತ್ತದೆ. ಪದರ ಟರ್ಬ್ಯುಲೆಂಟ್ ಆದರೆ ಹೊರಗಿನ ಬಿರುಸು ಗಾಳಿ ಒಳಗೆ ಬೆರೆತು ಅದಕ್ಕೆ ಕಸುವು ತುಂಬುತ್ತದೆ. ಅದು ಇನ್ನಷ್ಟು ದೂರ ಮೈಗಂಟಿ ಬರುತ್ತದೆ. ಸುಳಿ ಕಿರಿದಾಗುತ್ತದೆ, ಎಳೆತವೂ ಇಳಿಯುತ್ತದೆ.

ಒಂದು ವೇಗ ದಾಟಿದ ಮೇಲೆ ಗೋಳದ ಎಳೆತ ತಟ್ಟನೆ ಇಳಿಯುವುದನ್ನು 1912ರಲ್ಲಿ ಕಂಡವರು ಗುಸ್ತಾವ್ ಐಫೆಲ್, ಆ ಗೋಪುರದವರೇ. ಎರಡು ವರ್ಷದ ನಂತರ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಗೋಳದ ಸುತ್ತ ಒಂದು ತೆಳು ತಂತಿ ಕಟ್ಟಿದರು. ತಂತಿ ಎಡವಿಸಿದ್ದೇ ತಡ, ಪದರ ಟರ್ಬ್ಯುಲೆಂಟ್ ಆಗಿ ಎಳೆತ ಕಡಿಮೆಯಾಯಿತು.

ಕ್ರಿಕೆಟ್ ಚೆಂಡಿನ ಸೀಮ್, ಅಂದರೆ ನಡುವಿನ ಉಬ್ಬು ಹೊಲಿಗೆ, ಅದೇ ತಂತಿ. ಆದರೆ ಬೌಲರ್ ಅದನ್ನು ಸ್ವಲ್ಪ ಓರೆ ಹಿಡಿಯುತ್ತಾನೆ. ಹಾಗಾಗಿ ಒಂದು ಮಗ್ಗುಲಲ್ಲಿ ಮಾತ್ರ ಗಾಳಿ ಎಡವುತ್ತದೆ, ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಹೊಳಪಿರುವ ಇನ್ನೊಂದು ಮಗ್ಗುಲಲ್ಲಿ ಬೇಗ ಬಿಟ್ಟುಹೋಗುತ್ತದೆ. ಹಿಂದೆ ಉಳಿಯುವ ಗಾಳಿ ಒಂದು ಕಡೆ ವಾಲುತ್ತದೆ, ಚೆಂಡು ಅದರ ಎದುರು ಕಡೆ, ಅಂದರೆ ಸೀಮ್ ಮುಖ ಮಾಡಿದ ಕಡೆ ತಿರುಗುತ್ತದೆ. ಸ್ವಿಂಗ್ ಅಂದರೆ ಇದೇ. ಪ್ಯಾಂಟಿಗೆ ಚೆಂಡು ಉಜ್ಜುವುದು ಸುಮ್ನೆ ಅಲ್ಲ.

ಸ್ಪೀಡ್ ಸಾಲದು ಎಂದು ಬೇಸರ ಮಾಡಿಕೊಳ್ಳುವ ಹುಡುಗರು ಇಲ್ಲಿದ್ದರೆ ಕೇಳಿಸಿಕೊಳ್ಳಿ. ಹೊಸ ಚೆಂಡು ಚೆನ್ನಾಗಿ ಸ್ವಿಂಗ್ ಆಗುವುದು ಗಂಟೆಗೆ 110 ಕಿ.ಮೀ. ಆಸುಪಾಸಿನಲ್ಲಿ. ತೀರಾ ಜಾಸ್ತಿ ವೇಗವಾದರೆ ಸೀಮ್ ಮುಟ್ಟುವ ಮೊದಲೇ ಎರಡೂ ಕಡೆ ಪದರ ಟರ್ಬ್ಯುಲೆಂಟ್ ಆಗಿರುತ್ತದೆ. ಆಗ ಸೀಮ್ ಆ ಪದರವನ್ನು ದಪ್ಪ ಮಾಡಿ ಬೇಗ ಬಿಡಿಸುತ್ತದೆ, ಚೆಂಡು ಉಲ್ಟಾ ತಿರುಗುತ್ತದೆ. ಅದು ರಿವರ್ಸ್ ಸ್ವಿಂಗ್. ಒರಟಾದ ಹಳೇ ಚೆಂಡಿನಲ್ಲಿ ಇದಕ್ಕೆ ಅಷ್ಟು ವೇಗ ಬೇಡ.

ಚೆಂಡು ಕೊನೆಗೆ ತಿರುಗಿತು ಎಂದು ಔಟಾದವರೆಲ್ಲ ಹೇಳುತ್ತಾರೆ. ಪೂರ್ತಿ ನೆವ ಅಲ್ಲ ಅದು. ಪಕ್ಕದಿಂದ ಒಂದೇ ಸಮ ಬಲ ಬಿದ್ದರೂ ದಾರಿಯ ಮೊದಲ ಅರ್ಧದಲ್ಲಿ ಚೆಂಡು ಸರಿಯುವುದು ಕಾಲು ಪಾಲು ಮಾತ್ರ. ಮುಕ್ಕಾಲು ಪಾಲು ಉಳಿದರ್ಧದಲ್ಲಿ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರಂಥವರ ಕಣ್ಣು, ಮಣಿಕಟ್ಟು ಎಲ್ಲರಿಗೂ ಎಲ್ಲಿ ಬರಬೇಕು?

ಕೊನೆಗೆ ಮೋಡದ ವಿಷಯ. ಗದ್ದೆ ಕೊಯ್ಲಾದ ಮೇಲೆ ಕೂಳೆ ನಡುವೆ ಆಡುತ್ತಿದ್ದಾಗಿನಿಂದ ಕೇಳುತ್ತಿದ್ದೇನೆ, ಮೋಡ ಇದ್ದರೆ, ಗಾಳಿ ಭಾರ ಇದ್ದರೆ ಚೆಂಡು ತಿರುಗುತ್ತದೆ ಎಂದು. ಆದರೆ ತೇವದ ಗಾಳಿ ಒಣ ಗಾಳಿಗಿಂತ ಹಗುರ, ಭಾರ ಅಲ್ಲ. ನೀರಿನ ಅಣು ನೈಟ್ರೋಜನ್, ಆಕ್ಸಿಜನ್ ಅಣುಗಳಿಗಿಂತ ಹಗುರ ನೋಡಿ. ನನಗೆ ಒಪ್ಪುವ ಮಾತು ಬೇರೆ ಇದೆ. ಬಿಸಿಲಿದ್ದಾಗ ಕಾದ ನೆಲದಿಂದ ಗಾಳಿ ಕುದಿಯುತ್ತಾ ಏರುತ್ತದೆ, ಚೆಂಡಿನ ಹೊಳಪಿನ ಮಗ್ಗುಲಿನ ಲ್ಯಾಮಿನಾರ್ ಪದರವನ್ನು ಅದು ಕೆಡಿಸಬಹುದು. ಮೋಡ ಕವಿದರೆ ಮೈದಾನದ ಗಾಳಿ ತಣ್ಣಗೆ ನಿಲ್ಲುತ್ತದೆ, ಫ್ಯಾನ್ ಆರಿಸಿದ ಈ ಕೋಣೆಯ ಹಾಗೆ.

ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದೀರಿ. ಫ್ಯಾನ್ ಹಾಕಿ. ಹಾಕುವಾಗ ಆ ಹೊಗೆಯ ನೂಲು ಎಲ್ಲಿ ಮುರಿಯುತ್ತದೆ ನೋಡಿ. ಆಮೇಲೆ ಪ್ರಶ್ನೆ ಕೇಳಿ.