ಗಂಟೆಗೆ ಒಂದು ಡಿಗ್ರಿ: ಯಿಗ್ ಹರಳು ಬೆಳೆಸಿದ ಹನ್ನೆರಡೂವರೆ ದಿನ

ಈಗ ಪರದೆಯ ಮೇಲೆ ಕಾಣುತ್ತಿರುವುದು ಕುಲುಮೆಯ ತಾಪನಿಯಂತ್ರಕದ ಅಂಕಿ: 1249. ಒಂದು ಗಂಟೆಯ ಹಿಂದೆ ಅದು 1250 ಇತ್ತು, ಇನ್ನೊಂದು ಗಂಟೆಗೆ 1248 ಆಗಬೇಕು. 950 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ ಮುನ್ನೂರು ಗಂಟೆ, ಅಂದರೆ ಹನ್ನೆರಡೂವರೆ ದಿನ, ಇದೇ ನಿಧಾನಗತಿ. ಒಳಗೆ, ಮುಚ್ಚಳ ಬಿಗಿದ ಪ್ಲಾಟಿನಂ ಮೂಸೆಯಲ್ಲಿ, ಯಿಟ್ರಿಯಂ ಐರನ್ ಗಾರ್ನೆಟ್ ಹರಳುಗಟ್ಟುತ್ತಿದೆ. ಯಿಟ್ರಿಯಂ, ಕಬ್ಬಿಣ, ಆಮ್ಲಜನಕ ಸೇರಿದ ಕಾಂತೀಯ ಹರಳು ಇದು; ಇದರೊಡನೆ ಕೆಲಸ ಮಾಡುವವರೆಲ್ಲ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಯಿಗ್ ಎಂದೇ ಕರೆಯುತ್ತಾರೆ.

ಇದನ್ನು ನೇರವಾಗಿ ಕರಗಿಸಿ ಹೆಪ್ಪುಗಟ್ಟಿಸಬಾರದೇ ಎಂದು ಹಲವರು ಕೇಳಿದ್ದೀರಿ. ಆಗುವುದಿಲ್ಲ. ಸುಮಾರು 1555 ಡಿಗ್ರಿಯಲ್ಲಿ ಯಿಗ್ ಕರಗುವ ಬದಲು ಒಡೆಯುತ್ತದೆ. ಯಿಟ್ರಿಯಂ ಆರ್ಥೋಫೆರೈಟ್ ಎಂಬ ಬೇರೊಂದು ಘನವಸ್ತುವೂ ಕಬ್ಬಿಣ ಹೆಚ್ಚಿರುವ ದ್ರವವೂ ಉಂಟಾಗುತ್ತವೆ. ಆದ್ದರಿಂದ ಸೀಸದ ಆಕ್ಸೈಡ್ ಮತ್ತು ಸೀಸದ ಫ್ಲೋರೈಡ್‌ಗಳ ದ್ರವದಲ್ಲಿ, ಅಂದರೆ ಫ್ಲಕ್ಸ್‌ನಲ್ಲಿ, ಯಿಟ್ರಿಯಂ ಮತ್ತು ಕಬ್ಬಿಣದ ಆಕ್ಸೈಡ್‌ಗಳನ್ನು ಕರಗಿಸಿ, ಬಿಸಿನೀರಿನಲ್ಲಿ ಕರಗಿದ ಸಕ್ಕರೆ ತಣಿಯುತ್ತಾ ಕಲ್ಲುಸಕ್ಕರೆಯಾಗುವಂತೆ, ಬಹಳ ಕೆಳಗಿನ ತಾಪದಲ್ಲಿಯೇ ಹರಳನ್ನು ಬರಿಸುತ್ತೇವೆ. ಇಲ್ಲಿ ಪ್ರಮಾಣವೇ ಮುಖ್ಯ. ಕಬ್ಬಿಣ ಕಡಿಮೆಯಾದರೆ ಮತ್ತೆ ಆರ್ಥೋಫೆರೈಟ್ ಬರುತ್ತದೆ. ಅತಿಯಾದರೆ ಸೀಸವೂ ಸೇರಿಕೊಂಡು ಮ್ಯಾಗ್ನೆಟೋಪ್ಲಂಬೈಟ್‌ನ ಆರುಮೂಲೆಯ ಕಪ್ಪು ಬಿಲ್ಲೆಗಳು ತೇಲುತ್ತವೆ. ಸೀಸದ ಆವಿ ವಿಷಕಾರಿಯಾದುದರಿಂದ, ಹೊಗೆಯನ್ನು ಹೊರಸೆಳೆಯುವ ವ್ಯವಸ್ಥೆಯಿಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು.

ಹೋದ ಸಲ ನಾನು ಗಂಟೆಗೆ ಐದು ಡಿಗ್ರಿಯಂತೆ ಇಳಿಸಿದ್ದೆ. ಮೂಸೆಯ ತುಂಬ ಸಣ್ಣ ಹರಳುಗಳು ಸಿಕ್ಕವು, ಆದರೆ ಕತ್ತರಿಸಿ ನೋಡಿದಾಗ ಒಂದೊಂದರ ಒಳಗೂ ಫ್ಲಕ್ಸ್‌ನ ಗುಳ್ಳೆಗಳು ಸಿಕ್ಕಿಬಿದ್ದಿದ್ದವು. ತಣಿಸುವ ವೇಗ ಹೆಚ್ಚಾದಾಗ ಹರಳಿನ ಮುಖಗಳು ಒಂದೇ ಸಮನೆ ಬೆಳೆಯುವುದಿಲ್ಲ. ಅಂಚುಗಳು ಮುಂದೆ ಓಡಿ, ನಡುವಿನ ದ್ರವವನ್ನು ಒಳಗೇ ಮುಚ್ಚಿಬಿಡುತ್ತವೆ. ಈ ಸಲದ ನಿಧಾನಗತಿಗೆ ಅದೇ ಕಾರಣ.

ಹದಿಮೂರನೆಯ ದಿನ. 950 ಡಿಗ್ರಿಯಲ್ಲಿ ಇನ್ನೂ ದ್ರವವಾಗಿದ್ದ ಫ್ಲಕ್ಸನ್ನು ಬಸಿದು, ಮೂಸೆಯನ್ನು ಮತ್ತೆ ಕುಲುಮೆಯಲ್ಲಿಟ್ಟು ಕೋಣೆಯ ತಾಪಕ್ಕೆ ತಂದಿದ್ದೇನೆ. ಬಸಿಯದೆ ಬಿಟ್ಟಿದ್ದರೆ ಗಟ್ಟಿಯಾಗುವ ಫ್ಲಕ್ಸ್‌ನ ಒತ್ತಡಕ್ಕೆ ಹರಳುಗಳು ಬಿರುಕು ಬಿಡುತ್ತಿದ್ದವು. ಅಂಟಿ ಉಳಿದದ್ದನ್ನು ನೀರು ಬೆರೆಸಿದ ಬಿಸಿ ನೈಟ್ರಿಕ್ ಆಮ್ಲ ಕರಗಿಸುತ್ತದೆ; ಗಾರ್ನೆಟ್‌ಗೆ ಅದು ಹೆಚ್ಚೇನೂ ಹಾನಿ ಮಾಡುವುದಿಲ್ಲ. ಹಳದಿ ತೊಗಟೆ ಕಳಚುತ್ತಾ ಬಂದಂತೆ ಕೆಳಗಿನಿಂದ ಕಪ್ಪು ಕನ್ನಡಿಯಂತಹ ಮುಖಗಳು ಹೊರಬೀಳುವುದನ್ನು ಗಮನಿಸಿ. ಯಾರೂ ಉಜ್ಜದ, ಯಾರೂ ಕಡೆಯದ ಈ ಸಪಾಟು ಮುಖಗಳನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಾಗಿಲ್ಲ.

ಒಂದು ಹರಳಿನಿಂದ ತೆಳುವಾದ ಬಿಲ್ಲೆ ಕೊಯ್ದು, ಸುಮಾರು 50 ಮೈಕ್ರೋಮೀಟರ್ ದಪ್ಪಕ್ಕೆ ಉಜ್ಜಿದ್ದೇನೆ. ಈಗ ಅದು ಕಪ್ಪಲ್ಲ. ಕೆಂಪು ಬೆಳಕು ಅದರ ಮೂಲಕ ಹಾಯುತ್ತದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸರ್‌ಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ, ಹಾವಿನಂತೆ ಹರಿದಾಡಿದ ಬೆಳಕು ನೆರಳಿನ ಪಟ್ಟಿಗಳು ಕಾಣುತ್ತವೆ. ಅವೇ ಕಾಂತ ಡೊಮೇನ್‌ಗಳು. ಒಂದು ಪಟ್ಟಿಯಲ್ಲಿ ಕಾಂತತ್ವ ನಮ್ಮ ಕಡೆಗೆ, ಪಕ್ಕದ ಪಟ್ಟಿಯಲ್ಲಿ ಅತ್ತ ಕಡೆಗೆ; ಅದಕ್ಕೆ ತಕ್ಕಂತೆ ಬೆಳಕಿನ ಧ್ರುವೀಕರಣ, ಅಂದರೆ ಅದರ ಕಂಪನದ ದಿಕ್ಕು, ಎಡಕ್ಕೋ ಬಲಕ್ಕೋ ತಿರುಗುತ್ತದೆ. ಅಯಸ್ಕಾಂತವನ್ನು ಮೆಲ್ಲಗೆ ಹತ್ತಿರ ತಂದಾಗ ಒಂದು ಬಣ್ಣದ ಪಟ್ಟಿಗಳು ಅಗಲವಾಗಿ, ಇನ್ನೊಂದರವು ಎಳೆಯಷ್ಟು ಸಣ್ಣಗಾಗಿ, ಕೊನೆಗೆ ಅಳಿಸಿಹೋಗುತ್ತವೆ.

ಈ ಕಾಂತತ್ವದ ಲೆಕ್ಕ ಸರಳವಾದರೂ ಸೊಗಸಾದುದು. ಯಿಗ್‌ನ ರಾಸಾಯನಿಕ ಸೂತ್ರವೊಂದರಲ್ಲಿರುವ ಐದು ಕಬ್ಬಿಣದ ಅಯಾನುಗಳಲ್ಲಿ ಮೂರು ಒಂದು ದಿಕ್ಕಿಗೂ ಎರಡು ಅದರ ವಿರುದ್ಧ ದಿಕ್ಕಿಗೂ ಮುಖಮಾಡಿರುತ್ತವೆ. ಕಳೆದು ಉಳಿಯುವುದು ಒಂದೇ ಅಯಾನಿನ ಬಲ. ಇಂತಹ ಫೆರಿಕಾಂತತ್ವವನ್ನು 1948ರಲ್ಲಿ ವಿವರಿಸಿದವರು ಫ್ರೆಂಚ್ ಭೌತವಿಜ್ಞಾನಿ ಲೂಯಿ ನೀಲ್. 1970ರಲ್ಲಿ ಅವರಿಗೆ ನೊಬೆಲ್ ಬಂತು. ಬಿಸಿ ಏರಿದರೆ ಈ ಶಿಸ್ತು ಕದಡುತ್ತದೆ. ಅಯಸ್ಕಾಂತಕ್ಕೆ ತಗುಲಿಸಿದ ಉಕ್ಕಿನ ತಂತಿಯ ತುದಿಗೆ ಹರಳಿನ ಚೂರೊಂದು ಅಂಟಿಕೊಂಡಿದೆ, ಬಿಸಿಗಾಳಿ ಹಾಯಿಸುತ್ತಿದ್ದೇನೆ. ತಾಪ 287 ಡಿಗ್ರಿಯ ಆಸುಪಾಸು ದಾಟಿದೊಡನೆ, ಇಗೋ, ಚೂರು ತಟ್ಟೆಗೆ ಬಿತ್ತು.

ಉಳಿದ ಪರೀಕ್ಷೆ ಮೈಕ್ರೋವೇವ್ ಅನುರಣನದ್ದು. ಹರಳಿನ ತುಣುಕನ್ನು ಒಂದು ಮಿಲಿಮೀಟರ್‌ಗಿಂತ ಚಿಕ್ಕ ಗೋಲವಾಗಿ ಉರುಳಿಸಿ ನುಣುಪು ಮಾಡಿದ್ದೇನೆ. 10 ಗಿಗಾಹರ್ಟ್ಸ್‌ನಲ್ಲಿ ಸುಮಾರು 0.36 ಟೆಸ್ಲಾ ಕ್ಷೇತ್ರ ತಲುಪಿದಾಗ ಗೋಲ ತರಂಗವನ್ನು ಹೀರಿಕೊಳ್ಳುತ್ತದೆ; ಅಳತೆಯ ನಕ್ಷೆಯಲ್ಲಿ ಅದು ಒಂದು ಗೆರೆಯಾಗಿ ಕಾಣುತ್ತದೆ. ಉತ್ತಮ ಯಿಗ್ ಗೋಲದಲ್ಲಿ ಆ ಗೆರೆಯ ಅಗಲ 0.05 ಮಿಲಿಟೆಸ್ಲಾಗಿಂತಲೂ ಕಡಿಮೆ, ಅಂದರೆ ಕ್ಷೇತ್ರದ ಏಳು ಸಾವಿರದಲ್ಲೊಂದು ಪಾಲು. ಮೇಲ್ಮೈಯ ಒಂದು ಗೀರೂ, ಒಳಗೆ ನುಸುಳಿದ ಸೀಸದ ಲೇಶವೂ ಅದನ್ನು ಅಗಲಿಸುತ್ತವೆ. ಎಡಗಡೆಯ ದಪ್ಪ ಗೆರೆ ಹೋದ ಸಲದ ಹರಳಿನದು, ಬಲಗಡೆಯ ಸೂಜಿಯಂತಹ ಗೆರೆ ಈ ಸಲದ್ದು. ಗೋಲವನ್ನು ಇನ್ನೂ ನಯವಾದ ಪುಡಿಯಲ್ಲಿ ಉರುಳಿಸಿ ನಾಳೆ ಮತ್ತೆ ಅಳೆಯುತ್ತೇನೆ.