ಒಂದನೇ ತಾರೀಖಿನ ಭಯ: ನೌಕರಿ ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿಯುವ ಮುನ್ನ

ಎಲ್ಲರಿಗೂ ನಮಸ್ಕಾರ.

ಮುಂಬಯಿ ಕನ್ನಡಿಗರಿಗೆ ಸ್ವಂತ ವ್ಯಾಪಾರ ಹೊಸದೇನಲ್ಲ. ಮಾಟುಂಗಾ ಸ್ಟೇಷನ್ ಬಳಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಆ ಕಾಲದಲ್ಲಿ ಊರಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಓದಿದರು. ಕ್ಲೀನರ್ ಆಗಿ ಸೇರಿದವನು ವೇಟರ್ ಆದ, ಗಲ್ಲಾದಲ್ಲಿ ಕೂತ, ಮ್ಯಾನೇಜರ್ ಆದ, ಆಮೇಲೆ ಪಾಲುದಾರನಾದ. ತನ್ನದೇ ಬೋರ್ಡು ಹಾಕುವ ಹೊತ್ತಿಗೆ ಅಕ್ಕಿಯ ರೇಟೆಷ್ಟು, ಒಂದು ಮೂಟೆ ಇದ್ದಿಲು ಎಷ್ಟು ದಿನ ಬರುತ್ತದೆ, ಯಾವ ಗಿರಾಕಿ ಉದ್ರಿ ಹೇಳಿ ಕೈಕೊಡುತ್ತಾನೆ ಎಂಬುದೆಲ್ಲ ಅವನಿಗೆ ಕಂಠಪಾಠವಾಗಿತ್ತು. ಅವನಿಗೂ ಭಯವಿತ್ತು, ಆದರೆ ಯಾವುದಕ್ಕೆ ಭಯಪಡಬೇಕು ಎಂಬುದು ಸರಿಯಾಗಿ ಗೊತ್ತಿತ್ತು.

ಇಂದು ಡೊಂಬಿವಲಿ, ಮೀರಾ ರೋಡಿನಿಂದ ಲೋಕಲ್ ಹಿಡಿದು ಆಫೀಸಿಗೆ ಹೋಗುವ ನಮ್ಮವರ ಸ್ಥಿತಿ ಬೇರೆ. ಹದಿನೈದು ವರ್ಷ ಸರ್ವಿಸ್ ಆದರೂ ಗೊತ್ತಿರುವುದು ಒಂದೇ ವಿಭಾಗದ ಕೆಲಸ. ಮಾಲು ಕೊಳ್ಳುವುದು, ಬೆಲೆ ಕಟ್ಟುವುದು, ಬಾಕಿ ವಸೂಲು ಮಾಡುವುದು ಇನ್ಯಾರದೋ ಟೇಬಲಿನದು. ಅದಕ್ಕೇ ನೌಕರಿ ಬಿಡುವ ಮಾತು ಬಂದಾಗ ಹುಟ್ಟುವ ಭಯಕ್ಕೆ ರೂಪವಿಲ್ಲ, ಗಾತ್ರವಿಲ್ಲ. 'ಏನಾಗುತ್ತೋ ಏನೋ' ಎಂಬಲ್ಲಿಗೆ ಅದು ನಿಂತುಬಿಡುತ್ತದೆ. ಧೈರ್ಯ ತುಂಬುವ ಭಾಷಣದಿಂದ ಇಂಥ ಭಯ ಹೋಗುವುದಿಲ್ಲ, ಹೋಗಲೂಬಾರದು. ಅದನ್ನು ಬಿಡಿಸಿ ಒಂದೊಂದು ತುಂಡಿಗೂ ರೂಪಾಯಿ, ತಿಂಗಳು, ತಾರೀಖು ಬರೆಯಬೇಕು. ಹಾಗೆ ಬರೆದ ಮೇಲೂ ಲೆಕ್ಕ ಕೂಡದಿದ್ದರೆ ಭಯ ಹೇಳಿದ್ದೇ ಸರಿ, ಈಗ ನೌಕರಿ ಬಿಡಬೇಡಿ.

ಮೊದಲು ಮನೆಯ ಲೆಕ್ಕ. ಸಂಬಳ ನಿಂತರೆ ಒಂದನೇ ತಾರೀಖಿಗೆ ನಿಜವಾಗಿ ಎಷ್ಟು ಹಣ ಬೇಕು? ಒಂದು ಸಾಧಾರಣ ಮನೆ ಹಿಡಿಯಿರಿ: ಗೃಹಸಾಲದ ಕಂತು 28,000, ಸೊಸೈಟಿ ಮೇಂಟೆನೆನ್ಸ್ 3,500, ದಿನಸಿ-ತರಕಾರಿ-ಹಾಲು-ಗ್ಯಾಸ್ 16,000, ಮಗುವಿನ ಫೀಸು ಮತ್ತು ಬಸ್ಸು 9,000, ಕರೆಂಟು-ಮೊಬೈಲು 3,500, ಓಡಾಟ 3,000, ಔಷಧಿ ಮತ್ತು ವಿಮೆ 4,000, ಊರಿನಲ್ಲಿರುವ ತಂದೆತಾಯಿಗೆ 5,000. ಒಟ್ಟು 72,000. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಎಡವುವುದೂ ಇಲ್ಲೇ. ಮೇ ತಿಂಗಳಲ್ಲಿ ಊರಿಗೆ ಹೋಗುವ ಖರ್ಚು, ಮದುವೆ-ಮುಂಜಿಯ ಉಡುಗೊರೆ, ಊರ ದೇವಸ್ಥಾನದ ವಂತಿಗೆ, ಶಾಲೆ ಶುರುವಾಗುವಾಗಿನ ಪುಸ್ತಕ-ಸಮವಸ್ತ್ರ ತಿಂಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ವರ್ಷಕ್ಕೆ 60,000 ಅಂದರೂ ತಿಂಗಳಿಗೆ 5,000 ಸೇರಿ 77,000 ಆಯಿತು. ಮನೆಯ ಇನ್ನೊಬ್ಬರು 30,000 ತರುತ್ತಿದ್ದರೆ ಕೊರತೆ 47,000. ಒಂದು ವರ್ಷಕ್ಕೆ 5,64,000.

ಈ 5,64,000 ಮನೆಯ ಹಣ, ಬಂಡವಾಳವಲ್ಲ. ಬೇರೆ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿಡಿ, ಅದರ ಕಾರ್ಡನ್ನು ಅಂಗಡಿಗೆ ಒಯ್ಯಲೇಬೇಡಿ. ಎಷ್ಟೋ ವ್ಯಾಪಾರಗಳು ಗಿರಾಕಿ ಇಲ್ಲದೆ ಮುಚ್ಚುವುದಿಲ್ಲ. ಮನೆಯ ಹಣ ಫ್ರಿಜ್ಜಿಗೆ, ಫರ್ನಿಚರಿಗೆ ಹೋಗಿ, ಐದನೇ ತಿಂಗಳ ಕಂತು ಕಟ್ಟಲಾಗದೆ ಮುಚ್ಚುತ್ತವೆ.

ಇನ್ನು ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ಎಲ್ಲಕ್ಕಿಂತ ಮೊದಲು ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಹೊಸ ವೈಯಕ್ತಿಕ ಪಾಲಿಸಿ ಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗುವುದಿಲ್ಲ. ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ಕಾಯುವ ಅವಧಿ ಗರಿಷ್ಠ 3 ವರ್ಷ. ಆದ್ದರಿಂದ ಪಾಲಿಸಿಯನ್ನು ರಾಜೀನಾಮೆಗೆ ವರ್ಷವಾದರೂ ಮೊದಲು ತೆಗೆದುಕೊಳ್ಳಿ. ಕಂಪನಿಯ ಪಾಲಿಸಿಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವನ್ನೂ ಎಚ್‌ಆರ್ ಬಳಿ ಕೇಳಿ. ಮನೆ ಕೊಳ್ಳುವ ಯೋಚನೆಯಿದ್ದರೆ ಅದನ್ನೂ ಈಗಲೇ ತೀರ್ಮಾನಿಸಿ. ಸ್ವಂತ ಉದ್ಯೋಗದವರಿಂದ ಬ್ಯಾಂಕು ಎರಡು-ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತದೆ.

ಗ್ರಾಚ್ಯುಟಿ, ಅಂದರೆ ನೌಕರಿ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಹಣ, ಅದರ ತಾರೀಖನ್ನೂ ನೋಡಿಕೊಳ್ಳಿ. ಕಾಯಂ ನೌಕರರಿಗೆ ಐದು ವರ್ಷದ ಸತತ ಸೇವೆ ಆಗಬೇಕು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ (ಡಿಎ) ಕೂಡಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿದರೆ ಸಿಗುವ ಮೊತ್ತ ಅದು. 30,000 ಮೂಲವೇತನಕ್ಕೆ ಐದು ವರ್ಷಕ್ಕೆ ಸುಮಾರು 86,500. ಬಾಸ್ ಜೊತೆ ಜಗಳವಾಯಿತೆಂದು ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಬರೆದುಕೊಟ್ಟರೆ ಈ ಹಣ ಹೋಯಿತು. ಪಿಎಫ್ ಮುಟ್ಟಬೇಡಿ. ಕೆಲಸ ಬಿಟ್ಟ ಮೇಲೂ ಅದಕ್ಕೆ ಬಡ್ಡಿ ಬರುತ್ತದೆ, ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಪಿಂಚಣಿಯ ಹಕ್ಕಿಗೆ ಹತ್ತು ವರ್ಷದ ಸೇವೆ ಬೇಕು ಎಂಬುದೂ ನೆನಪಿರಲಿ.

'ಇದೇ ಲೈನಿನಲ್ಲಿ ವ್ಯಾಪಾರ ಮಾಡುವುದಿಲ್ಲ' ಎಂದು ಸಹಿ ಮಾಡಿದ್ದೇನೆ, ಕೋರ್ಟಿಗೆ ಎಳೆಯುತ್ತಾರೆ ಎಂಬ ಭಯ ಹಲವರಿಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನನ್ನು ತನ್ನ ಉದ್ಯೋಗ-ವ್ಯಾಪಾರ ಮಾಡದಂತೆ ತಡೆಯುವ ಕರಾರು ಅನೂರ್ಜಿತ. ನೌಕರಿ ಬಿಟ್ಟ ಮೇಲೆ ಆ ಷರತ್ತು ನಿಲ್ಲುವುದು ಕಷ್ಟ. ಆದರೆ ನೌಕರಿಯಲ್ಲಿರುವಾಗಿನ ನಿರ್ಬಂಧ ಬೇರೆ, ಗೋಪ್ಯತೆಯ ಷರತ್ತು ಬೇರೆ. ಕಂಪನಿಯ ಗಿರಾಕಿಗಳ ಪಟ್ಟಿ, ರೇಟಿನ ಹಾಳೆ, ಲ್ಯಾಪ್‌ಟಾಪಿನಲ್ಲಿರುವ ಫೈಲು ಯಾವುದೂ ನಿಮ್ಮ ಜೊತೆ ಹೊರಗೆ ಬರಬಾರದು.

ಈಗ ವ್ಯಾಪಾರದ ಲೆಕ್ಕ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಅರ್ಧ ಭಯ ಕರಗುವುದೂ ಇಲ್ಲೇ, ಅರ್ಧ ಆಸೆ ಕರಗುವುದೂ ಇಲ್ಲೇ. ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಇಡ್ಲಿ-ದೋಸೆ ಕೌಂಟರ್ ಎನ್ನಿ. ಬಾಡಿಗೆ 45,000, ಇಬ್ಬರು ಕೆಲಸದವರಿಗೆ ಊಟ-ವಸತಿ ಸೇರಿ 36,000, ಕರೆಂಟು-ನೀರು 9,000, ರಿಪೇರಿ, ಸೋಪು, ಚಿಲ್ಲರೆ 5,000. ಒಂದು ಬಿಲ್ಲೂ ಆಗದಿದ್ದರೂ ತಿಂಗಳಿಗೆ 95,000 ಹೋಗುತ್ತದೆ. ಸರಾಸರಿ ಬಿಲ್ಲು 80 ರೂಪಾಯಿ, ಅದರಲ್ಲಿ ಅಕ್ಕಿ, ಉದ್ದು, ತೆಂಗಿನಕಾಯಿ, ಎಣ್ಣೆ, ಗ್ಯಾಸು, ಪ್ಯಾಕಿಂಗ್ ಕಳೆದು 44 ಉಳಿಯಿತು ಎಂದುಕೊಳ್ಳಿ. 95,000ವನ್ನು 44ರಿಂದ ಭಾಗಿಸಿ, 26 ದಿನಕ್ಕೆ ಹಂಚಿದರೆ ದಿನಕ್ಕೆ 83 ಬಿಲ್ಲು. ಅಷ್ಟಾದರೆ ಅಂಗಡಿ ನಡೆಯುತ್ತದೆ, ನಿಮ್ಮ ಮನೆ ನಡೆಯುವುದಿಲ್ಲ. ಮನೆಯ ಕೊರತೆ 47,000 ಸೇರಿಸಿದರೆ 124 ಬಿಲ್ಲು ಬೇಕು.

'ಏನಾಗುತ್ತೋ' ಎಂಬುದು ಈಗ '124 ಆಗುತ್ತದೆಯೇ' ಎಂಬ ಪ್ರಶ್ನೆಯಾಯಿತು. ಇದಕ್ಕೆ ಉತ್ತರ ಫುಟ್‌ಪಾತಿನಲ್ಲಿ ಸಿಗುತ್ತದೆ. ಒಂದು ಸೋಮವಾರ, ಒಂದು ಗುರುವಾರ, ಒಂದು ಭಾನುವಾರ ಅಲ್ಲಿ ಹೋಗಿ ನಿಲ್ಲಿ. ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 8. ಪಕ್ಕದ ಅಂಗಡಿಯಲ್ಲಿ ಎಷ್ಟು ಬಿಲ್ಲಾಗುತ್ತದೆ, ಎಷ್ಟು ಜನ ನಿಂತು ತಿನ್ನುತ್ತಾರೆ, ಎಷ್ಟು ಜನ ಪಾರ್ಸೆಲ್ ಒಯ್ಯುತ್ತಾರೆ ಎಂದು ಗೀಟು ಹಾಕಿ. ಜನರ ಓಡಾಟ ಸ್ಟೇಷನ್ ಕಡೆಗೋ ಸ್ಟೇಷನ್ನಿಂದಲೋ ಎಂಬುದೂ ಮುಖ್ಯ. ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವವರು ದೋಸೆಗೆ ನಿಲ್ಲುವುದಿಲ್ಲ, ಇಡ್ಲಿ ಪಾರ್ಸೆಲ್ ಆದರೆ ಒಯ್ದಾರು. ಮಾರಾಟ ಆ್ಯಪಿನಲ್ಲಿ ಬರುತ್ತದೆ ಎಂದು ಹೇಳುವವರು ಕಮಿಷನ್ ಕಳೆದು ನೋಡಿ. ನೂರಕ್ಕೆ 25 ಎಂದು ಹಿಡಿದರೆ 80ರಲ್ಲಿ 20 ಹೋಗಿ 44ರ ಜಾಗದಲ್ಲಿ 24 ಉಳಿಯುತ್ತದೆ. ಆಗ ಬರೀ ಅಂಗಡಿ ನಡೆಸಲಿಕ್ಕೇ ದಿನಕ್ಕೆ 152 ಆರ್ಡರ್ ಬೇಕು.

ಜಾಗದ ಕರಾರಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕಾದ ಸಾಲು ಲಾಕ್-ಇನ್, ಅಂದರೆ ನಡುವೆ ಜಾಗ ಬಿಟ್ಟುಹೋಗುವಂತಿಲ್ಲದ ಅವಧಿ. ಹನ್ನೆರಡು ತಿಂಗಳ ಲಾಕ್-ಇನ್ ಇದ್ದು ಐದನೇ ತಿಂಗಳಿಗೆ ಮುಚ್ಚಿದರೆ, ಉಳಿದ ಏಳು ತಿಂಗಳ 3,15,000ಕ್ಕೆ ಮಾಲೀಕ ನಿಮ್ಮ ಡಿಪಾಸಿಟ್ ಹಿಡಿದುಕೊಳ್ಳುತ್ತಾನೆ. ಆರು ತಿಂಗಳಿಗೆ ಇಳಿಸಲು, ಫರ್ನಿಚರ್ ಕೆಲಸ ಮುಗಿಯುವ ತನಕ ಬಾಡಿಗೆ ಬಿಡಿಸಲು ಚೌಕಾಸಿ ಮಾಡಿ. ಮಹಾರಾಷ್ಟ್ರದಲ್ಲಿ ಜಾಗ ಬಳಸಲು ಮಾಡಿಕೊಳ್ಳುವ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು. ಬಾಯಿಮಾತಿಗೆ, ಬರೀ ಸ್ಟಾಂಪ್ ಪೇಪರಿಗೆ ಲಕ್ಷಗಟ್ಟಲೆ ಡಿಪಾಸಿಟ್ ಕೊಡಬೇಡಿ.

ನಮ್ಮ ಹೋಟೆಲು ವಲಯದಲ್ಲಿ ಕಂಡಕ್ಟಿಂಗಿಗೆ ಹಿಡಿಯುವ ರೂಢಿ ಇದೆ. ನಡೆಯುತ್ತಿರುವ ಹೋಟೆಲನ್ನು ಲೈಸೆನ್ಸು, ಪಾತ್ರೆ, ಕೆಲಸದವರ ಸಮೇತ ತಿಂಗಳಿಗೆ ಇಷ್ಟೆಂದು ಮಾತಾಡಿ ನಡೆಸುವುದು. ಹೊಸಬರಿಗೆ ಇದು ಒಳ್ಳೆಯ ದಾರಿ, ಗಿರಾಕಿ ಆಗಲೇ ಇರುತ್ತಾರೆ. ಕೆಡುವುದು ಎಲ್ಲಿ? ಲೈಸೆನ್ಸು ಮಾಲೀಕರ ಹೆಸರಿನಲ್ಲೇ ಇರುತ್ತದೆ. ಹಳೆಯ ಕರೆಂಟು ಬಿಲ್ಲು, ಜಿಎಸ್‌ಟಿ, ಕಿರಾಣಿಯವನ ಬಾಕಿ ಮೂರನೇ ತಿಂಗಳಿಗೆ ನಿಮ್ಮ ಬಾಗಿಲಿಗೆ ಬರುತ್ತದೆ. ಬಾಕಿ ಇಲ್ಲವೆಂದು ಬರೆಸಿಕೊಳ್ಳದೆ ಬೀಗದ ಕೈ ತೆಗೆದುಕೊಳ್ಳಬೇಡಿ, ಗ್ರೈಂಡರ್, ಫ್ರೀಜರ್, ಎಕ್ಸಾಸ್ಟ್ ಎಲ್ಲದರ ಫೋಟೋ ತೆಗೆದು ಕರಾರಿಗೆ ಲಗತ್ತಿಸಿ.

ಕೌಂಟರಿನ ವ್ಯಾಪಾರಕ್ಕೆ ರೊಕ್ಕ ಕೈಗೆ ಬರುತ್ತದೆ. ಆಫೀಸುಗಳಿಗೆ ಊಟ ಕೊಡುವವರು, ಪುಣೆಯ ಭೋಸರಿ-ಚಾಕಣ್ ಕಡೆ ಕಾರ್ಖಾನೆಗಳಿಗೆ ಜಾಬ್‌ವರ್ಕ್ (ಬಿಡಿ ಕೆಲಸ) ಮಾಡಿಕೊಡುವವರು ಬೇರೆ ಥರ ಸಿಕ್ಕಿಬೀಳುತ್ತಾರೆ. ಮಾಲು ಹೋಗುತ್ತದೆ, ಬಿಲ್ಲು 30 ದಿನದ್ದು, ಹಣ ಬರುವುದು 90ಕ್ಕೆ. ತಿಂಗಳಿಗೆ 2 ಲಕ್ಷದ ಕೆಲಸ ಮಾಡಿದರೆ 6 ಲಕ್ಷ ಹೊರಗೇ ಇರುತ್ತದೆ. ಪುಸ್ತಕದಲ್ಲಿ ಲಾಭ, ಪೆಟ್ಟಿಗೆಯಲ್ಲಿ ಶೂನ್ಯ. ಇದಕ್ಕಾಗಿಯೇ ಸಣ್ಣ ಉದ್ದಿಮೆಗಳಿಗಿರುವ ಸರ್ಕಾರಿ ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ, ದುಡ್ಡು ಕೇಳುವ ಏಜೆಂಟರನ್ನು ದೂರವಿಡಿ. ನೋಂದಾಯಿತ ಸಣ್ಣ ಉತ್ಪಾದಕರಿಗೆ, ಸೇವೆ ಕೊಡುವವರಿಗೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಕಾನೂನಿದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸಿದ್ದರೆ ಬಾಕಿ ಕೇಳುವ ಬಾಯಿಗೆ ಬಲ ಬರುತ್ತದೆ.

ಬಂಡವಾಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ, ಅಡಮಾನವಿಲ್ಲದೆ ಸಿಗುತ್ತದೆ. ನಮ್ಮವರು ಸುಲಭವೆಂದು ಮಾಡುವ ಒಂದು ಕೆಲಸ ಮಾತ್ರ ಅಪಾಯದ್ದು: ಚೀಟಿ ಫಂಡಿನ ಹಣವನ್ನು ಮೊದಲಿಗೇ ಎತ್ತಿ ಅಂಗಡಿಗೆ ಹಾಕುವುದು. ಹರಾಜಿನಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಎತ್ತಿದ್ದರಿಂದ ಕೈಗೆ ಬಂದದ್ದು ಕಡಿಮೆ, ಮುಂದಿನ ತಿಂಗಳಿಂದಲೇ ಪೂರ್ತಿ ಕಂತು. ಅಂಗಡಿಗೆ ಗಿರಾಕಿ ಬರುವ ಮೊದಲೇ ಚೀಟಿಯವರು ಬರುತ್ತಾರೆ. ಊರಿನ ಗೆಳೆಯನ ಜೊತೆ ಪಾಲುದಾರಿಕೆಯಾದರೆ ಯಾರ ಹಣವೆಷ್ಟು, ದುಡಿಯುವವನಿಗೆ ತಿಂಗಳಿಗೆಷ್ಟು, ಬಿಟ್ಟುಹೋಗುವವನಿಗೆ ಹೇಗೆ ಲೆಕ್ಕ ಎಂದು ಬರೆದು ಫರ್ಮ್ ನೋಂದಾಯಿಸಿ. ನೋಂದಾಯಿಸದ ಫರ್ಮ್ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗುವುದಿಲ್ಲ.

ನಾಲ್ಕು ಜನ ಏನನ್ನುತ್ತಾರೆ ಎಂಬ ಭಯಕ್ಕೂ ಲೆಕ್ಕವುಂಟು. ಅತ್ತೆ-ಮಾವ, ಅಣ್ಣ-ತಮ್ಮಂದಿರು ಹೆದರುವುದು ವ್ಯಾಪಾರಕ್ಕಲ್ಲ, ಅದಕ್ಕೆ ಕೊನೆಯೇ ಇಲ್ಲವೇನೋ ಎಂದು. ಆದ್ದರಿಂದ ನಿಲ್ಲಿಸುವ ಗೆರೆಯನ್ನು ಮೊದಲೇ ಬರೆದು ಮನೆಯವರ ಕೈಗೆ ಕೊಡಿ. ಮನೆಯ ಖಾತೆಯಲ್ಲಿ ನಾಲ್ಕು ತಿಂಗಳ ಕೊರತೆ, ನಮ್ಮ ಲೆಕ್ಕದಲ್ಲಿ 1,88,000, ಉಳಿದ ದಿನ ಮತ್ತೆ ನೌಕರಿಗೆ ಅರ್ಜಿ ಹಾಕುವುದು. ಪೂರಾ ಖಾಲಿಯಾದ ಮೇಲೆ ಹುಡುಕಲು ಹೊರಟರೆ ಸಿಕ್ಕಿದ ಸಂಬಳಕ್ಕೆ ತಲೆಯಾಡಿಸಬೇಕಾಗುತ್ತದೆ. ಮುಟ್ಟಬಾರದ್ದನ್ನೂ ಅದೇ ಹಾಳೆಯಲ್ಲಿ ಬರೆಯಿರಿ: ಹೆಂಡತಿಯ ಚಿನ್ನ, ಊರಿನ ಜಾಗ, ಮಕ್ಕಳ ಫೀಸು. ಮಾತಿಗಿಂತ ಈ ಹಾಳೆ ನೋಡಿದಾಗ ಮನೆಯವರಿಗೆ ಸಮಾಧಾನವಾಗುತ್ತದೆ, ಮತ್ತು ಆ ಸಮಾಧಾನ ಅವರಿಗೆ ಸಲ್ಲಬೇಕು. ನಷ್ಟವಾದರೆ ಅನುಭವಿಸುವವರು ಅವರೂ ಹೌದು.

ಕೊನೆಗೆ ತಾರೀಖು. ತಿಂಡಿಯ ವ್ಯಾಪಾರಕ್ಕೆ ಮುಂಬಯಿಯಲ್ಲಿ ಮೇ ತಿಂಗಳು ಚೆನ್ನಾಗಿಲ್ಲ, ಗಿರಾಕಿ ಊರಿಗೆ ಹೋಗಿರುತ್ತಾನೆ. ಜೂನಿನಿಂದ ಮಳೆ ಜೋರಾದ ಸಂಜೆಗಳಲ್ಲಿ ಫುಟ್‌ಪಾತ್ ಖಾಲಿ. ನವರಾತ್ರಿಯ ಹೊತ್ತಿಗೆ ಬಾಗಿಲು ತೆರೆದರೆ ಮುಂದೆ ಆರೇಳು ಒಳ್ಳೆಯ ತಿಂಗಳು ಸಿಗುತ್ತವೆ. ಅಲ್ಲಿಂದ ಹಿಂದಕ್ಕೆ ಎಣಿಸಿ. 90 ದಿನದ ನೋಟೀಸಾದರೆ ಜೂನ್ ಕೊನೆಗೆ ರಾಜೀನಾಮೆ. ಅದಕ್ಕೆ ಮೊದಲು ವರ್ಷದ ಬೋನಸ್ ಕೈಸೇರಿರಬೇಕು. ಫುಟ್‌ಪಾತಿನ ಎಣಿಕೆ ಏಪ್ರಿಲ್ ಮುಗಿಯುವುದರೊಳಗೆ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ, ರಾಜೀನಾಮೆ ಕೊಡುವ ಮುಂಚೆ. ಗುಮಾಸ್ತಾ (ಅಂಗಡಿಯ ನೋಂದಣಿ), ಆಹಾರ ಲೈಸೆನ್ಸು, ಬ್ಯಾಂಕಿನ ಕರೆಂಟ್ ಅಕೌಂಟ್ ನೋಟೀಸಿನ ತಿಂಗಳುಗಳಲ್ಲಿ ಓಡಾಡಿ ಮುಗಿಸಿ. ರಿಲೀವಿಂಗ್ ಲೆಟರ್, ಸಂಬಳದ ಚೀಟಿಗಳು, ಪಿಎಫ್ ಖಾತೆಯ ಕೆವೈಸಿ ಕೊನೆಯ ದಿನಕ್ಕೆ ಮೊದಲೇ ಕೈಯಲ್ಲಿರಲಿ, ಹೊರಬಂದ ಮೇಲೆ ಒಂದೊಂದಕ್ಕೂ ಹತ್ತು ಫೋನು ಮಾಡಬೇಕಾಗುತ್ತದೆ. ಮಳೆಗಾಲದ ಎಣಿಕೆಯಲ್ಲಿ ನಿಮ್ಮ 124ರ ಅರ್ಧವೂ ಕಾಣದಿದ್ದರೆ ಆ ಜಾಗ ಬಿಟ್ಟು ಬೇರೆ ರಸ್ತೆ ನೋಡಿ. ನೌಕರಿ ಇನ್ನೂ ನಿಮ್ಮ ಕೈಯಲ್ಲೇ ಇದೆ.