ಕೀ ಬಾಗಿಲು ತೆಗೆಯಿತು, ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ?

[ಶುರುವಿನ ದೃಶ್ಯ: ಡ್ಯಾಶ್‌ಬೋರ್ಡ್ ಮೇಲೆ ಕೀ ಚಿತ್ರದ ಕೆಂಪು ಲೈಟು ಮಿಣುಕುತ್ತಿದೆ]

ನಮಸ್ಕಾರ. ಹಾಸನದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಮದುವೆ ಗಲಾಟೆಯಲ್ಲಿ ಅವರ ಕಾರಿನ ಒಂದು ಕೀ ಕಳೆದುಹೋಯಿತು. ಮನೆಯಲ್ಲಿದ್ದ ಇನ್ನೊಂದನ್ನು ತೆಗೆದುಕೊಂಡು ಬೀಗ ರಿಪೇರಿ ಅಂಗಡಿಗೆ ಹೋದರು, ಡೂಪ್ಲಿಕೇಟ್ ಮಾಡಿಸಿದರು. ಹಲ್ಲುಗಳು ಸರಿಯಾಗಿ ಕೂತವು. ಬಾಗಿಲು ತೆಗೆಯಿತು. ಇಂಜಿನ್ ಗರ್ ಅಂತ ಎದ್ದು, ಎರಡೇ ಸೆಕೆಂಡಿಗೆ ನಿಂತುಹೋಯಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ ಕತೆ.

ಅಂಗಡಿಯವರ ಕೆಲಸದಲ್ಲಿ ತಪ್ಪಿಲ್ಲ. ಅವರು ಕತ್ತರಿಸಿಕೊಟ್ಟಿದ್ದು ಕೀಯ ಅರ್ಧ ಭಾಗವನ್ನು ಮಾತ್ರ.

[ಹತ್ತಿರದ ದೃಶ್ಯ: ಟೇಬಲ್ ಮೇಲೆ ಬಿಚ್ಚಿಟ್ಟ ಹಳೇ ಕೀ]

ಇಲ್ಲಿ ನೋಡಿ. ಇದು ನನ್ನ ಹಳೇ ಕಾರಿನ ಕೀ. ಪ್ಲಾಸ್ಟಿಕ್ ತಲೆಯನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಬಿಡಿಸಿದ್ದೇನೆ. ಒಂದು ಕಡೆ ರಿಮೋಟಿನ ಬೋರ್ಡು ಮತ್ತು ಸೆಲ್ ಇದೆ. ಈ ಮೂಲೆಯಲ್ಲಿ ಹುಣಸೆ ಬೀಜಕ್ಕಿಂತ ಚಿಕ್ಕ ಕಪ್ಪು ತುಂಡು ಕಾಣುತ್ತಾ? ಎಷ್ಟೋ ಜನ ಕೀ ಕವರ್ ಬದಲಾಯಿಸುವಾಗ ಇದನ್ನು ಕಸ ಅಂದುಕೊಂಡು ಎಸೆದುಬಿಡುತ್ತಾರೆ. ದಯವಿಟ್ಟು ಎಸೆಯಬೇಡಿ. ಇದೇ ಟ್ರಾನ್ಸ್‌ಪಾಂಡರ್ ಚಿಪ್. ಬಾಗಿಲಿಗೆ ಲೋಹದ ಹಲ್ಲು ಸಾಕು, ಇಂಜಿನ್‌ಗೆ ಈ ಬೀಜ ಬೇಕು.

ಈ ತುಂಡಿಗೆ ಬ್ಯಾಟರಿ ಇಲ್ಲ. ರಿಮೋಟಿನ ಸೆಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಾಗಾದರೆ ಇದು ಕೆಲಸ ಮಾಡುವುದು ಹೇಗೆ? ಬೆಂಗಳೂರಿನವರಿಗೆ ಉತ್ತರ ಜೇಬಲ್ಲೇ ಇದೆ. ನಮ್ಮ ಮೆಟ್ರೋ ಕಾರ್ಡು! ಆ ಕಾರ್ಡಿಗೆ ನೀವು ಯಾವತ್ತಾದರೂ ಚಾರ್ಜ್ ಹಾಕಿದ್ದೀರಾ? ದುಡ್ಡು ಹಾಕಿರುತ್ತೀರಿ, ಕರೆಂಟ್ ಹಾಕಿರುವುದಿಲ್ಲ. ಗೇಟಿನ ಒಳಗಿರುವ ತಂತಿ ಸುರುಳಿ ತನ್ನ ಸುತ್ತ ಏರಿಳಿಯುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕಾರ್ಡು ಹತ್ತಿರ ಬಂದ ಕೂಡಲೇ ಅದರೊಳಗಿನ ಸುರುಳಿಯಲ್ಲೂ ಒಂಚೂರು ಕರೆಂಟ್ ಹುಟ್ಟುತ್ತದೆ. ಅಷ್ಟರಲ್ಲೇ ಚಿಪ್ ಎಚ್ಚರಗೊಂಡು, ತನ್ನ ಮಾತು ಹೇಳಿ, ಮತ್ತೆ ಮಲಗಿಬಿಡುತ್ತದೆ.

ಕಾರಿನಲ್ಲೂ ಹೀಗೇ. ನೀವು ಕೀ ತೂರಿಸುವ ತೂತಿನ ಸುತ್ತ ಬಳೆ ಥರ ಒಂದು ಉಂಗುರ ಇರುತ್ತದೆ, ಒಳಗೆ ತಾಮ್ರದ ತಂತಿ. ಮೆಟ್ರೋ ಕಾರ್ಡ್ ಓಡುವುದು 13.56 ಮೆಗಾಹರ್ಟ್ಸ್‌ನಲ್ಲಿ. ಕಾರಿನ ಕೀ ಸಾಮಾನ್ಯವಾಗಿ 125 ಅಥವಾ 134.2 ಕಿಲೋಹರ್ಟ್ಸ್‌ನಲ್ಲಿ. ಗೇಟ್ ತೆಗೆಯುವ ಬದಲು ಇಲ್ಲಿ ಪೆಟ್ರೋಲಿಗೆ, ಇಗ್ನಿಷನ್‌ಗೆ ಒಪ್ಪಿಗೆ ಸಿಗುತ್ತದೆ. ಸರಿಯಾದ ಚಿಪ್ ಸಿಗದಿದ್ದರೆ ಇಂಜಿನ್ ಓಡಲು ಬಿಡದ ಈ ವ್ಯವಸ್ಥೆಯೇ ಇಮ್ಮೊಬಿಲೈಸರ್.

ಸ್ಟಾರ್ಟ್ ಬಟನ್ ಇರುವ ಕಾರಿನವರಿಗೂ ಇದರಿಂದ ದೊಡ್ಡ ಲಾಭ ಇದೆ. ಕೀಯೊಳಗಿನ ಸೆಲ್ ನಡುರಾತ್ರಿ ಸತ್ತುಹೋದರೆ ಗಾಬರಿ ಬೇಡ. ಕೀ ಬದಿಯಲ್ಲಿ ಅಡಗಿರುವ ಲೋಹದ ಕೀ ಎಳೆದು ಬಾಗಿಲು ತೆಗೆಯಿರಿ. ಆಮೇಲೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಸುಮಾರು ಗಾಡಿಗಳಲ್ಲಿ ಅಷ್ಟೇ ಸಾಕು. ಕೆಲವಲ್ಲಿ ಜಾಗ ಬೇರೆ ಇರುತ್ತದೆ, ಮ್ಯಾನ್ಯುಯಲ್ ನೋಡಿ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ಸೆಲ್ ಸತ್ತರೂ ಕಾರೇ ತನ್ನ ಕೀಗೆ ಉಸಿರು ಕೊಡುತ್ತದೆ!

ಸರಿ, ಎಚ್ಚರವಾದ ಚಿಪ್ ಏನು ಹೇಳುತ್ತದೆ? ಹಳೇ ಕಾಲದ ಚಿಪ್‌ಗಳು ಒಂದೇ ನಂಬರ್ ಒದರುತ್ತಿದ್ದವು. ಕದ್ದು ಕೇಳಿದವನು ಅದನ್ನೇ ತಿರುಗಿಸಿ ಹೇಳಿದರೆ ಮುಗಿಯಿತು. ಈಗ ಕಾರು ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತದೆ. ಇಬ್ಬರಿಗೂ ಗೊತ್ತಿರುವ ಗುಟ್ಟು "ಎರಡರಿಂದ ಗುಣಿಸಿ 5 ಕೂಡು" ಅಂತಿಟ್ಟುಕೊಳ್ಳಿ. ಕಾರು 10 ಅಂದರೆ ಕೀ 25 ಅನ್ನಬೇಕು. ನಾಳೆ 31 ಅಂದರೆ 67. ಇವತ್ತಿನ ಉತ್ತರ ಕದ್ದವನಿಗೆ ನಾಳೆ ಅದು ಉಪಯೋಗಕ್ಕೆ ಬರುವುದಿಲ್ಲ. ನಿಜವಾದ ಲೆಕ್ಕ ಇದಕ್ಕಿಂತ ಎಷ್ಟೋ ಪಾಲು ಕಗ್ಗಂಟು.

ಆದರೂ ಮುರಿದಿದ್ದಾರೆ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಎಂಬ ಭದ್ರತಾ ಕಂಪನಿಯ ಲ್ಯಾಬ್‌ನವರು 40 ಬಿಟ್ ಗುಟ್ಟಿರುವ ಒಂದು ಚಿಪ್ ಭೇದಿಸಿದರು. 40 ಬಿಟ್ ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. ಕೇಳಲು ಜಾಸ್ತಿ, ಕಂಪ್ಯೂಟರಿಗೆ ಅಲ್ಲ. ಇನ್ನೊಂದು ಚಿಪ್, ಮೆಗಾಮೋಸ್. ಅದರ ದೋಷ ಕಂಡುಹಿಡಿದವರ ಲೇಖನಕ್ಕೆ ಫೋಕ್ಸ್‌ವ್ಯಾಗನ್ 2013ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನಿಂದ ತಡೆ ತಂದಿತು. ಲೇಖನ ಹೊರಬಂದಿದ್ದು 2015ಕ್ಕೆ. ಬೀಗದ ದೋಷ ಮುಚ್ಚಿಟ್ಟರೆ ಕತ್ತಲಲ್ಲಿ ಉಳಿಯುವವರು ಗಾಡಿ ಕೊಂಡವರೇ. ನನಗೆ ಇದು ಸರಿ ಕಾಣುವುದಿಲ್ಲ.

ಚಿಪ್ ಮುರಿಯಬಹುದಾದರೆ ಇಮ್ಮೊಬಿಲೈಸರ್ ಇದ್ದೂ ಪ್ರಯೋಜನ ಇಲ್ಲವಾ? ಅಲ್ಲವೇ ಅಲ್ಲ. ಅಮೆರಿಕದ ಕತೆ ಕೇಳಿ. 2011ರಿಂದ 2021ರವರೆಗೆ ಅಲ್ಲಿ ಮಾರಿದ ಎಷ್ಟೋ ಹ್ಯುಂಡೈ, ಕಿಯಾ ಕಾರುಗಳಲ್ಲಿ, ಕೀ ತಿರುಗಿಸುವ ಮಾಡೆಲ್‌ಗಳಲ್ಲಿ, ಇಮ್ಮೊಬಿಲೈಸರ್ ಹಾಕಿರಲಿಲ್ಲ. 2015ರಲ್ಲಿ ಬೇರೆ ಕಂಪನಿಗಳ ಶೇ 96ರಷ್ಟು ಮಾಡೆಲ್‌ಗಳಲ್ಲಿ ಅದು ಸ್ಟ್ಯಾಂಡರ್ಡ್ ಆಗಿತ್ತು. ಈ ಎರಡು ಕಂಪನಿಗಳಲ್ಲಿ ಶೇ 26 ಮಾತ್ರ. 2022ರ ಹೊತ್ತಿಗೆ ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಕಾರು ಸ್ಟಾರ್ಟ್ ಮಾಡುವ ವಿಡಿಯೋಗಳು ಟಿಕ್‌ಟಾಕ್‌ನಲ್ಲಿ ಹರಿದಾಡಿದವು. ಊರೂರಲ್ಲಿ ಕಳ್ಳತನ. ಪಕ್ಕದ ಕೆನಡಾದಲ್ಲಿ 2007ರಿಂದಲೇ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ, ಹಾಗಾಗಿ ಅವೇ ಕಂಪನಿಗಳ ಅಲ್ಲಿನ ಕಾರುಗಳಲ್ಲಿ ಅದು ಇತ್ತು. ಗಡಿಯ ಈಚೆ ಚಿಪ್ ಇಲ್ಲ, ಆಚೆ ಇದೆ. ಉಳಿಸಿದ್ದು ಕಂಪನಿಯ ಖರ್ಚು, ಕಳೆದುಕೊಂಡಿದ್ದು ಕೆಲಸಕ್ಕೆ ಹೋಗಲು ಆ ಕಾರನ್ನೇ ನಂಬಿದವರು. ನನಗೆ ಇದನ್ನು ಓದಿ ಸಿಟ್ಟು ಬಂತು.

[ದೃಶ್ಯ: ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್]

ಹಾಸನದವರ ಸಮಸ್ಯೆಗೆ ಬರೋಣ. ಕಾರಿನ ಕಂಪ್ಯೂಟರಿನಲ್ಲಿ ಶಾಲೆಯ ಹಾಜರಿ ಪುಸ್ತಕದ ಥರ, ಒಪ್ಪಿಗೆ ಇರುವ ಕೀಗಳ ಒಂದು ಪಟ್ಟಿ ಇದೆ. ಹೊಸ ಕೀ ಅಂದರೆ ಹಲ್ಲು ಕತ್ತರಿಸಬೇಕು, ಚಿಪ್ ಹಾಕಬೇಕು, ಆಮೇಲೆ ಈ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿ ಆ ಪಟ್ಟಿಗೆ ಹೆಸರು ಸೇರಿಸಬೇಕು. ಒಂದು ಕೀ ಕೈಯಲ್ಲಿದ್ದರೆ ಕೆಲಸ ಸುಲಭ. ಎರಡೂ ಹೋದರೆ ಗಾಡಿಯನ್ನು ಟೋ ಮಾಡಿಸಬೇಕಾಗಬಹುದು, ಕೆಲವು ಕಡೆ ಇಡೀ ಲಾಕ್ ಸೆಟ್ಟೇ ಬದಲಾಯಿಸಬೇಕು ಅನ್ನುತ್ತಾರೆ. ಬಿಲ್ಲು ಅಲ್ಲೇ ಏರುವುದು.

ಹೊಸದನ್ನು ಸೇರಿಸಿದ ಮೇಲೆ "ಕಳೆದ ಕೀ ಅಳಿಸಿ" ಅಂತ ಬಾಯಿಬಿಟ್ಟು ಕೇಳಿ. ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಅಳಿಸಿದರೆ ಆ ಕೀ ಸಿಕ್ಕವನಿಗೆ ಇಂಜಿನ್ ಓಡುವುದಿಲ್ಲ. ಆದರೆ ಹಲ್ಲು ಹಾಗೇ ಇರುತ್ತದೆ, ಬಾಗಿಲು ತೆಗೆಯುತ್ತದೆ. ಕೀ ಜೊತೆ ಮನೆ ವಿಳಾಸವೂ ಹೋಗಿದ್ದರೆ ಲಾಕ್ ಬದಲಾಯಿಸಿ.

ಟೈಮ್ ಕಡಿಮೆ ಇದೆ, ಉಳಿದಿದ್ದು ಬೇಗ ಹೇಳುತ್ತೇನೆ. ಕಳೆದ ವಸ್ತುಗಳ ಬಗ್ಗೆ ಆನ್‌ಲೈನಲ್ಲಿ ದೂರು ಕೊಡುವ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ಹಾಕಿ, ಸರ್ವೀಸ್ ಸೆಂಟರಿನಲ್ಲಿ ಆರ್‌ಸಿ, ಗುರುತಿನ ಚೀಟಿ ಜೊತೆ ಆ ದೂರಿನ ಪ್ರತಿಯನ್ನೂ ಕೇಳಬಹುದು. ಕೀ ಕಳೆದರೆ ದುಡ್ಡು ಕೊಡುವ ಸೌಲಭ್ಯ ನಿಮ್ಮ ಇನ್ಶೂರೆನ್ಸಿನಲ್ಲಿ ಇದೆಯಾ ನೋಡಿ. ಗಾಡಿಯೇ ಕಳುವಾದರೆ ಕ್ಲೇಮಿಗೆ ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ, ಅದಕ್ಕೇ ಕಳೆದದ್ದಕ್ಕೆ ದಾಖಲೆ ಬೇಕು. ಇನ್ನು ಬಟನ್ ಸ್ಟಾರ್ಟ್ ಕಾರಿನ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ. ಅದರ ಸಿಗ್ನಲ್ಲನ್ನು ಹೊರಗಿನಿಂದ ಹಿಡಿದು ಕಾರಿನವರೆಗೆ ದಾಟಿಸುವ ಕಳ್ಳರಿದ್ದಾರೆ. ಸಿಗ್ನಲ್ ಹೊರಗೆ ಬರದಿರಲಿ ಅಂತ ಸ್ಟೀಲ್ ಡಬ್ಬಿಯಲ್ಲಿಟ್ಟರೂ ಪರೀಕ್ಷಿಸಿ. ಡಬ್ಬಿಯನ್ನು ಹಿಡಿದುಕೊಂಡೇ ಕಾರಿನ ಹತ್ತಿರ ಹೋಗಿ, ಬಾಗಿಲು ತೆಗೆದುಕೊಂಡರೆ ಆ ಡಬ್ಬಿ ಪ್ರಯೋಜನವಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದೀರಾ? ಮುಂದಿನ ಸರ್ವೀಸಿನಲ್ಲಿ ಸ್ಕ್ಯಾನರ್ ಹಾಕಿಸಿ, ಎಷ್ಟು ಕೀ ರಿಜಿಸ್ಟರ್ ಆಗಿವೆ ಅಂತ ಕೇಳಿ. ಎಷ್ಟೋ ಗಾಡಿಗಳು ಲೆಕ್ಕ ತೋರಿಸುತ್ತವೆ. ಸ್ಕ್ರೀನ್ ಮೂರು ಅನ್ನುತ್ತಿದೆ, ನಿಮ್ಮ ಕೈಯಲ್ಲಿರುವುದು ಎರಡು ಅಂದರೆ, ಆ ಮೂರನೆಯದನ್ನು ಅವತ್ತೇ ಅಳಿಸಿ ಬನ್ನಿ.